ಕೆಂಪು ಗಾಡಿಯ ಬಿಗಿ

"ಪಾರ್ಟ್ಸಿಗೆ ಬೇಕಾದ್ರೆ ಒಯ್ಯಿರಿ. ಓಡ್ಸೋಕೆ ಅಂತ ಮಾತ್ರ ಬೇಡ," ಅಂದಳು ಟೈಲರಮ್ಮ. ಟಾರ್ಪಾಲಿನ ಅಂಚನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.

ಲೇತ್ ಮಷೀನಿನಲ್ಲಿ ಕಬ್ಬಿಣ ಕಡೆಯುವ ಲೇತಿನವನು ಕಾಯಲಿಲ್ಲ, ತಾನೇ ಟಾರ್ಪಾಲು ಎಳೆದುಬಿಟ್ಟ. ಇಪ್ಪತ್ತು ವರ್ಷದ ಮುಗ್ಗಲು, ಇಲಿ ಹಿಕ್ಕೆ, ಹಳಸಿ ಅಂಟಾದ ಪೆಟ್ರೋಲು, ಎಲ್ಲ ಒಟ್ಟಿಗೆ ಮೂಗಿಗೆ ಬಡಿಯಿತು. ಒಳಗೆ ಕೆಂಪು ರೇಸ್ ಬೈಕು, ತಲೆ ತಗ್ಗಿಸಿಕೊಂಡು ನಿಂತಿತ್ತು. ಹ್ಯಾಂಡಲು ತಿರುಗದು. ಆಕ್ಸಿಲರೇಟರ್ ಅಲುಗದು. ಪಿಸ್ಟನ್ನು ಎಂಜಿನ್ನಿನ ಸಿಲಿಂಡರಿನೊಳಗೆ ಕಲ್ಲಾಗಿ ಕೂತಿತ್ತು.

"ಜಾಮ್ ಆಗಿರೋದು ಹಾಗೇ ಇರ್ಲಿ," ಅವಳ ದನಿ ಇಳಿಯಿತು. "ಇದಕ್ಕೆ ಮಾಟ ಮಾಡ್ಸಿದಾರೆ. ಇಲ್ಲಿ ಬಿಗಿ ಬಿಟ್ರೆ ಅದು ಇನ್ನೊಬ್ಬರ ಮೈ ಸೇರ್ಕೊಳ್ಳುತ್ತೆ."

"ಯಾರ ಮೈ?"

"ಬಿಡಿಸೋನಿಗೆ ಯಾರ ಮೇಲೆ ಹೊಟ್ಟೆ ಉರಿಯುತ್ತೋ, ಅವರ ಮೈ. ನಮ್ಮೆಜಮಾನ್ರು ಸ್ವಂತ ತಮ್ಮನ ಮೇಲೆ ಮಾಡ್ಸಿದ್ರು. ರೇಸಲ್ಲಿ ಯಾವಾಗ್ಲೂ ಅವನೇ ಗೆಲ್ತಾನೆ ಅಂತ. ಆ ಹುಡುಗ ಊಟಕ್ಕೆ ಕೂತವನು ಕೂತಲ್ಲೇ ಮರ ಆಗೋದ. ಅವನು ಹೋದ್ಮೇಲೆ ಗಾಡಿ ತಾನಾಗೇ ಮತ್ತೆ ಜಾಮ್ ಆಯ್ತು."

ಲೇತಿನವನು ಗಹಗಹಿಸಿ ನಕ್ಕ. "ಕೂದಲಿನ ಹತ್ತರಲ್ಲೊಂದು ಭಾಗ ಅಳೆಯೋನು ಕಣಮ್ಮ ನಾನು. ನಿಮ್ಮ ಮಾಟ ಎಷ್ಟು ದಪ್ಪ ಇದೆ ಅಂತ ಅಳೆದು ಹೇಳ್ತೀನಿ ಬಿಡಿ. ಅಲ್ದೆ ನಂಗೆ ಯಾರ ಮೇಲೂ ಹೊಟ್ಟೆಯುರಿ ಇಲ್ಲ."

ಸುಳ್ಳು. ಹಸಿಹಸಿ ಸುಳ್ಳು! ಹೊಸ ಕೆಲಸವೆಂದು ಹೆಂಡತಿಯ ತವರೂರಿಗೆ ಬಂದು ಆರು ತಿಂಗಳಾಗಿತ್ತು, ಆರು ತಿಂಗಳಿಂದಲೂ ಅವನ ಹೊಟ್ಟೆಯೊಳಗಿನ ಕೆಂಡ ಆರಿರಲಿಲ್ಲ. ಕಾರಣ ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಕನ್ನಡಕದಂಗಡಿ ಇಟ್ಟವನು, ಮಾತಿನಮಲ್ಲ. ಅವನು ಬಂದನೆಂದರೆ ಅತ್ತೆ ಮೊಣಕಾಲು ನೋವು ಮರೆತು ಎದ್ದು ನಿಲ್ಲುವಳು. ಅವನು ಬಾಯಿ ತೆರೆಯುವ ಮೊದಲೇ ಲೇತಿನವನ ಹೆಂಡತಿ "ಅಯ್ಯೋ ಭಾವ, ಸಾಕು" ಎಂದು ನಗುತ್ತ ಬಗ್ಗುವಳು. ಮನೆಯಲ್ಲಿ ಗಂಡನೊಡನೆ ಅವಳ ಮಾತು ಗ್ಯಾಸು, ಬಾಡಿಗೆ, ಬಾಗಿಲ ಚಿಲಕ ಅಷ್ಟೆ. ಮೊನ್ನೆ ಷಡ್ಡಕ ಹೊಸ ಬೈಕು ತಂದಾಗ ಮನೆಮಂದಿಯೆಲ್ಲ ಅದರ ಸುತ್ತ ನಿಂತು ಫೋಟೊ ತೆಗೆಸಿಕೊಂಡರು. ತೆಗೆದವನು ಯಾರು? ಲೇತಿನವನು! ಅವತ್ತೇ ಅವನು ತೀರ್ಮಾನಿಸಿದ. ಟೈಲರಮ್ಮನ ಮನೆಯಲ್ಲಿ ಮೂಲೆ ಹಿಡಿದಿದೆಯೆಂದು ಕೇಳಿದ್ದ ಕೆಂಪು ಗಾಡಿಯನ್ನು ತನ್ನ ಕೈಯಾರೆ ಎಬ್ಬಿಸಬೇಕು, ಅತ್ತೆ ಮನೆ ಗೇಟಿನ ಮುಂದೆ ಗುಡುಗಿಸಬೇಕು. ಒಂದೇ ಒಂದು ಸಲ ಹೆಂಡತಿ "ನಮ್ಮೆಜಮಾನ್ರು" ಎಂದು ಎದೆಯುಬ್ಬಿಸಿ ಹೇಳಬೇಕು. ಅವನಿಗೆ ಬೇಕಿದ್ದುದು ಇಷ್ಟೇ.

ಗಾಡಿಯನ್ನು ತಂದು ನಿಲ್ಲಿಸಿದ, ಅವನ ಮನೆಗೆ ಅಂಟಿಕೊಂಡ ಗ್ಯಾರೇಜಿಗೆ ಕಿಟಕಿಯಿರಲಿಲ್ಲ. ಹಗಲಲ್ಲೂ ಒಂದು ಬಲ್ಬು ಬೇಕು. ಮೊದಲ ದಿನ ಆಕ್ಸಿಲರೇಟರ್ ಬಿಚ್ಚಿ, ತುಕ್ಕು ಕೆರೆದು, ಗ್ರೀಸು ಸವರಿ ತಿರುಗಿಸಿದ. ಕಿರ್ರ್ ಎಂದು ಅರ್ಧ ಸುತ್ತು, ಆಮೇಲೆ ಬೆಣ್ಣೆಯಂತೆ ಪೂರ್ತಿ ಸುತ್ತು. ಅದೇ ಸಂಜೆ ಹೆಂಡತಿ ಫೋನು ಹಿಡಿದು ಓಡಿಬಂದಳು.

"ರೀ, ಭಾವನ ಬಲಗೈ ಮಣಿಕಟ್ಟು ಹಿಡ್ಕೊಂಡುಬಿಟ್ಟಿದೆಯಂತೆ. ಲೋಟ ಎತ್ತೋಕೂ ಆಗ್ತಿಲ್ವಂತೆ!"

ಕಾಗೆ ಕೂತಿತು, ಕೊಂಬೆ ಮುರಿಯಿತು ಅಂದುಕೊಂಡ ಅವನು. ಆದರೂ ಹೊಟ್ಟೆಗೆ ತಣ್ಣಗೆ ಹಾಲು ಹೊಯ್ದಂತಾಯಿತು. ಯಾಕೆ ಸುಳ್ಳು ಹೇಳಬೇಕು, ಆಯಿತು.

ಮರುದಿನ ಹ್ಯಾಂಡಲಿನ ಬೇರಿಂಗು ತೊಳೆದು ಕೂರಿಸಿದ. ಹ್ಯಾಂಡಲು ಎಡಕ್ಕೂ ಬಲಕ್ಕೂ ಸಲೀಸಾಗಿ ಹೊರಳಿತು. ಒಂದು ಗಂಟೆಯೊಳಗೆ ಸುದ್ದಿ ಬಂತು. ಷಡ್ಡಕನ ಕತ್ತು ತಿರುಗುತ್ತಿಲ್ಲ. ಡಾಕ್ಟರಿಗೂ ಗೊತ್ತಾಗುತ್ತಿಲ್ಲ.

ಈಗ ಲೇತಿನವನಿಗೆ ಟೈಲರಮ್ಮನ ಮಾತು ನೆನಪಾಯಿತು. ಆದರೆ ಅವನು ಅಳೆಯುವವನಲ್ಲವೇ? ಪರೀಕ್ಷೆ ಮಾಡದೆ ಬಿಟ್ಟಾನೆಯೇ? ಹೆಂಡತಿ ಅಕ್ಕನೊಡನೆ ಫೋನಿನಲ್ಲಿದ್ದಾಗ ಬಾಗಿಲು ಮುಂದೆ ಮಾಡಿ, ಬೇರಿಂಗಿನ ನಟ್ಟನ್ನು ಸ್ಪಾನರಿನಿಂದ ಬಿಗಿದ. ಹ್ಯಾಂಡಲು ಅಲ್ಲಾಡದಂತೆ ಬಿಗಿದ.

"ಹೌದಾ ಅಕ್ಕ? ತಿರುಗ್ತಾ?" ಹೊರಗೆ ಹೆಂಡತಿಯ ಕೂಗು. "ರೀ! ಭಾವ ಕತ್ತು ತಿರುಗಿಸಿದ್ರಂತೆ!" ಅವಳು ಚಿಕ್ಕ ಹುಡುಗಿಯಂತೆ ಕುಣಿದಳು. ಕಣ್ಣಲ್ಲಿ ನೀರು.

ನಿಜ. ಎಲ್ಲ ನಿಜ. ಅಲ್ಲಿಗೆ ಬುದ್ಧಿ ಇದ್ದವನು ಸ್ಪಾನರು ಕೆಳಗಿಡುತ್ತಿದ್ದ. ಇವನು ಬಾಗಿಲ ಸಂದಿಯಿಂದ ಹೆಂಡತಿಯ ಮುಖ ನೋಡಿದ. ಕಳೆದ ವರ್ಷ ತನಗೆ ಹತ್ತು ದಿನ ಜ್ವರ ಬಂದು ಇಳಿದಾಗ ಇವಳು ಕುಣಿದಿದ್ದಳಾ? ಮಾತ್ರೆ ಕೊಟ್ಟು ಬಟ್ಟೆ ಒಣಗಹಾಕಲು ಹೋಗಿದ್ದಳು. ಹೊಟ್ಟೆಯೊಳಗಿನ ಕೆಂಡ ಭಗ್ಗೆಂದಿತು.

ಅವನು ನಟ್ಟನ್ನು ಮತ್ತೆ ಸಡಿಲಿಸಿದ.

ಪಿಸ್ಟನ್ನಿನ ಮೇಲೆ ಡೀಸೆಲ್ಲು, ಎಣ್ಣೆ ಬೆರೆಸಿ ಹೊಯ್ದು ಒಂದು ವಾರ ನೆನೆಯಲು ಬಿಟ್ಟ. ನೆನೆಸಿದ್ದಷ್ಟೇ, ತಿರುಗಿಸುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಎಂಜಿನ್ನಿಗೆ ಪಿಸ್ಟನ್ನು ಅಂದರೆ ಮನುಷ್ಯನಿಗೆ ಉಸಿರು. ಅದು ಅವನಿಗೆ ಗೊತ್ತಿತ್ತು. ಹೆಂಡತಿ ದಿನವೂ ಅಕ್ಕನ ಮನೆಗೆ ಹೋಗಿ ಬರುತ್ತಿದ್ದಳು. "ಅಷ್ಟು ನೋವಿನಲ್ಲೂ ನಗಿಸ್ತಾರೆ ರೀ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಭಾನುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಅಂದಳು, "ಆ ಗುಜರಿ ಮುಂದೆ ಕೂರೋ ಹೊತ್ತಲ್ಲಿ ಅರ್ಧ ಗಂಟೆ ಭಾವನ ಮುಂದೆ ಕೂತಿದ್ರೆ ನೀವೂ ಮನುಷ್ಯ ಅಂತ ಅನ್ನಿಸ್ತಿತ್ತು."

ಗೇಟು ಧಡ್ ಎಂದು ಮುಚ್ಚಿತು.

ಅವನು ಪಿಸ್ಟನ್ನನ್ನು ಆಡಿಸುವ ಕ್ರ್ಯಾಂಕಿನ ಬೋಲ್ಟಿಗೆ ಉದ್ದನೆಯ ಸ್ಪಾನರು ಸಿಕ್ಕಿಸಿದ. ಎಳೆದ. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದ. ಬಲ್ಬು ಮಿಣುಕಿತು. ಡೀಸೆಲ್ಲಿನ ವಾಸನೆ ಗಂಟಲಿಗಿಳಿಯಿತು. ಎಳೆದ. ಟಕ್! ಕೂದಲೆಳೆಯಷ್ಟು ಸರಿಯಿತು. ಇನ್ನಷ್ಟು. ಇನ್ನಷ್ಟು.

ಫೋನು ಬಡಿದುಕೊಂಡಿತು. "ರೀ! ಭಾವನಿಗೆ ಉಸಿರು ಬರ್ತಿಲ್ಲ! ಕಪ್ಪಾಗ್ತಿದಾರೆ! ಬನ್ನಿ ರೀ!" ಅವಳ ಹಿಂದೆ ಅಕ್ಕನ ಚೀರಾಟ. ಅದರ ಹಿಂದೆ, ಅಯ್ಯೋ, ಮಗ್ಗಿ ಒಪ್ಪಿಸುವ ವಯಸ್ಸಿನ ಅವರ ಮಗನ ದನಿ: "ಅಪ್ಪಾ, ಬಾಯಿ ತೆಗಿ. ಅಪ್ಪಾ."

ಹೊಟ್ಟೆಕಿಚ್ಚು ಬೇರೆ, ಕೊಲೆ ಬೇರೆ. ಲೇತಿನವನು ಸ್ಪಾನರು ಬಿಸುಟ. ಎಣ್ಣೆ ಕುಡಿದ ಪಿಸ್ಟನ್ನು ಮತ್ತೆ ಬಿಗಿಯುವುದು ಹೇಗೆ? ಎಂಜಿನ್ನಿನ ಪಕ್ಕದ ಕವರು ಬಿಚ್ಚಿತ್ತು. ಉಳಿಯೊಂದನ್ನು ಗೇರಿನ ಎರಡು ಹಲ್ಲುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದ. ಹೊಡೆದ. ಎಂಜಿನ್ನು ಕಚ್ಚಿಕೊಂಡಿತು.

"ಬಂತು... ಉಸಿರು ಬಂತು ರೀ..." ಫೋನಿನಲ್ಲಿ ಹೆಂಡತಿ ಬಿಕ್ಕಿದಳು.

ಬೇರಿಂಗು ಬಿಗಿದ. ಆಕ್ಸಿಲರೇಟರನ್ನು ತಂತಿ ಸುತ್ತಿ ಕಟ್ಟಿದ. ಆಸ್ಪತ್ರೆಗೆ ಓಡಿದ. ಐದು ದಿನ ಷಡ್ಡಕನ ಮಂಚದ ಪಕ್ಕ ಕೂತ, ಗಂಜಿ ಕುಡಿಸಿದ, ಬೆನ್ನು ಒರೆಸಿದ. ಅಷ್ಟು ಹತ್ತಿರದಿಂದ ನೋಡಿದಾಗ ಅವನೂ ಹೆದರಿದ ಮನುಷ್ಯನೇ ಎಂದು ಗೊತ್ತಾಯಿತು. "ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ," ಎಂದು ಹೆಂಡತಿ ಅವನ ಭುಜಕ್ಕೆ ತಲೆಯಿಟ್ಟಳು. ಎಷ್ಟೋ ತಿಂಗಳ ಮೇಲೆ ಅವನ ಹೊಟ್ಟೆ ತಣ್ಣಗಿತ್ತು. ಬರುವ ಭಾನುವಾರ ಆಳುದ್ದ ಗುಂಡಿ ತೆಗೆಸಿ ಗಾಡಿಯನ್ನು ಹೂತುಬಿಡುವುದೆಂದು ನಿರ್ಧರಿಸಿದ. ಯಾರಿಗೂ ಹೇಳಲಿಲ್ಲ. ಏನಂತ ಹೇಳಿಯಾನು?

ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಬಂದಾಗ ಹೆಂಡತಿ ಗೇಟಿನಲ್ಲೇ ಕಾಯುತ್ತಿದ್ದಳು. ಮುಖದಲ್ಲಿ ತುಂಟತನ.

"ಭಾವ ಬಂದಿದಾರೆ. ನಿಮಗೊಂದು ಸರ್‌ಪ್ರೈಸ್ ಅಂತೆ. ಗ್ಯಾರೇಜಿನ ಕೀ ನಾನೇ ಕೊಟ್ಟೆ."

ಅವಳತ್ತ ತಿರುಗಿದ ಅವನ ಕತ್ತು ಮತ್ತೆ ನೇರವಾಗಲಿಲ್ಲ.

ಕಂಬದಂತೆ ನಿಂತಿತು. ಅಡ್ಡಡ್ಡ ಓಡಿದ. ಬಾಗಿಲ ಹಿಡಿಗೆ ಕೈ ಹಾಕಿದ. ಮಣಿಕಟ್ಟು ಬಾಗಲಿಲ್ಲ. ಭುಜದಿಂದ ದೂಡಿ ಒಳಗೆ ಬಿದ್ದ.

ಬಲ್ಬಿನ ಕೆಳಗೆ ಷಡ್ಡಕ ಕುಕ್ಕರಗಾಲಿನಲ್ಲಿ ಕೂತಿದ್ದ, ಬೆನ್ನು ಇತ್ತ. ತೋಳು ಮಡಚಿದ್ದ, ಮೊಣಕೈವರೆಗೆ ಗ್ರೀಸು. ತಂತಿ ಬಿಚ್ಚಿತ್ತು. ಹ್ಯಾಂಡಲು ಸಡಿಲವಾಗಿ ತೂಗುತ್ತಿತ್ತು. ಉಳಿ ನೆಲದ ಮೇಲೆ ಬಿದ್ದಿತ್ತು.

"ಬಂದ್ರಾ ಷಡ್ಡಕರೇ? ಐದು ದಿನ ನನ್ನ ಸೇವೆ ಮಾಡಿದ್ರಿ, ಅದಕ್ಕೆ ನಾನೂ ಒಂಚೂರು ಕೈ ಹಾಕ್ದೆ," ಅವನು ತಿರುಗದೆಯೇ ಅಂದ. "ಯಾರೋ ಪುಣ್ಯಾತ್ಮ ಗೇರಿಗೆ ಉಳಿ ಹೊಡೆದಿದಾನಲ್ರೀ! ಒಂದು ಮಾತು ಹೇಳ್ಲಾ, ನಗಬಾರ್ದು. ನಿಮ್ಮ ಕೈಕೆಲಸ ನೋಡಿದ್ರೆ ನಂಗೆ ಮೊದಲಿಂದ್ಲೂ ಹೊಟ್ಟೆ ಉರಿಯುತ್ತೆ ಕಣ್ರೀ. ಅತ್ತೆ ಯಾವಾಗ್ಲೂ ಅಂತಾರೆ, ಚಿಕ್ಕಳಿಯನ ಕೈಯಲ್ಲಿ ಬಂಗಾರ ಇದೆ, ನಿನಗೆ ಬರೀ ಬಾಯಿ ಅಂತ. ರಾತ್ರಿಯೆಲ್ಲ ನಿದ್ದೆ ಬರಲ್ಲ ನಂಗೆ."

ಬೇಡ ಎನ್ನಲು ಲೇತಿನವನು ಬಾಯಿ ತೆರೆದ.

ಷಡ್ಡಕ ಎರಡೂ ಕೈಯಲ್ಲಿ ಸ್ಪಾನರು ಎಳೆದ. ಟಕ್. ಪಿಸ್ಟನ್ನು ಸರಿಯಿತು. ಮೇಲೆ, ಕೆಳಗೆ, ಮೇಲೆ.

ಮಾತು ಬರಲಿಲ್ಲ. ಗಾಳಿ ಬರಲಿಲ್ಲ. ಪಕ್ಕೆಲುಬು ಕಲ್ಲು. ಗಂಟಲು ಕಲ್ಲು. ಬಲ್ಬಿನ ಸುತ್ತ ಕತ್ತಲು ಒತ್ತಿಕೊಂಡು ಬಂತು. ಕಾಲು ಬಡಿಯೋಣವೆಂದರೆ ಕಾಲೂ ಮರ.

"ತಿರುಗ್ತು! ನೋಡಿದ್ರಾ, ನಾನೂ ತಿರುಗಿಸ್ದೆ!" ಷಡ್ಡಕ ಕೇಕೆ ಹಾಕಿದ. "ಯಾಕ್ರೀ, ಮಾತೇ ಇಲ್ಲ? ಹೊಟ್ಟೆ ಉರೀತಾ?"

ಅಂದು, ನಗುತ್ತಲೇ ಇನ್ನೊಂದು ಸುತ್ತು ತಿರುಗಿಸಿದ.