ಹುಡುಕಿದರೆ ಸಿಗದ ವೆಳ್ಳಿ

"ಯಾರ್ರೀ ಇದನ್ನ ಟೈಪ್ ಮಾಡಿದ್ದು? ಬರೀ ಕಸ!"

ಆರ್ಡರ್ ವಿಭಾಗದಲ್ಲಿ ಕೀಬೋರ್ಡುಗಳ ಸದ್ದು ಒಮ್ಮೆಲೇ ನಿಂತಿತು.

ಮುತ್ತರಸಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ನಾನೇ ಮಾಡಿದ್ದು. ಏನೀಗ?"

ಆತ ತಿರುಗಿ ನೋಡಿದ. ಅಂದು ಬೆಳಿಗ್ಗೆಯಷ್ಟೇ ಬಂದಿಳಿದಿದ್ದ ಹೊಸಬ. ಹೆಸರು ಕದಿರವನ್. ಅವನ ಮುಂದಿನ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಕ್ಕೆಗಳ ಕಲಸುಮೇಲೋಗರ.

ಮುತ್ತರಸಿ ಅವನನ್ನು ದಾಟಿ ಬಾಗಿ, ಫಾಂಟ್ ಬದಲಾಯಿಸಿದಳು. ಕೊಕ್ಕೆಗಳೆಲ್ಲ ಕರಗಿ ಮುದ್ದಾದ ತಮಿಳು ಮೂಡಿತು. ಮಧುರೈಯ ಪಾತ್ರೆ ಅಂಗಡಿಯೊಂದರ ಹೆಸರು, ವಿಳಾಸ.

"ಓದಿ. ತಮಿಳು ಬರುತ್ತಲ್ಲ?"

"ತಿರುನೆಲ್ವೇಲಿಯವನು ಕಣ್ರೀ ನಾನು..." ಅವನ ಕಿವಿ ಕೆಂಪಾಯಿತು. "ತಪ್ಪಾಯ್ತು. ಆದ್ರೆ ಈ ಫಾಂಟ್ ಇದ್ರೆ ಮಾತ್ರ ಇದು ತಮಿಳು. ಕಂಪ್ಯೂಟರಿಗೆ ಇದು ತಮಿಳು ಅಂತ ಗೊತ್ತೇ ಇಲ್ಲ. ಅದಕ್ಕೆ ಗೊತ್ತು ಮಾಡಿಸೋಕೇ ನಾನು ಬಂದಿರೋದು."

"ಮೊದಲು ಹೆಂಗಸರ ಹತ್ರ ಮಾತಾಡೋದು ಗೊತ್ತು ಮಾಡ್ಕೊಳ್ಳಿ!"

ಪಕ್ಕದ ಮೇಜಿನ ರಾಜಮ್ಮಾಳ್ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಶಿವಕಾಶಿಯಲ್ಲಿ ದೀಪಾವಳಿ ಮುಗಿದರೆ ಕ್ಯಾಲೆಂಡರ್ ಪ್ರೆಸ್ಸುಗಳಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಎಲ್ಲರೂ ಅಣ್ಣಾಚ್ಚಿ ಎಂದೇ ಕರೆಯುತ್ತಿದ್ದ ಮಾಲೀಕ ತಂಗಪಾಂಡಿಯ ಪ್ರೆಸ್ಸಿಗೆ ನಾಲ್ಕು ರಾಜ್ಯಗಳಿಂದ ಆರ್ಡರ್ ಬರುತ್ತಿತ್ತು. ದೇವರ ಚಿತ್ರದ ಕೆಳಗೆ ಅಂಗಡಿಯ ಹೆಸರು ಅವರವರ ಭಾಷೆಯಲ್ಲೇ ಅಚ್ಚಾಗಬೇಕು. ಹಳೆಯ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಭಾಷೆಗೆ ಒಂದೊಂದು ಫಾಂಟು, ಒಂದೊಂದು ಸರ್ಕಸ್ಸು. ಎಲ್ಲವನ್ನೂ ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ಕದಿರವನ್ ತಲೆಗೆ ಬಿದ್ದಿತ್ತು.

ಬೈಸಿಕೊಂಡವನು ಮರುದಿನ ಎರಡು ಲೋಟ ಟೀ ಹಿಡಿದು ಮುತ್ತರಸಿಯ ಮೇಜಿಗೇ ಬಂದ.

"ನಿಮ್ಮ ಫಾಂಟಿನಲ್ಲಿ ಯಾವ ಕೀಲಿ ಒತ್ತಿದ್ರೆ ಯಾವ ಅಕ್ಷರ, ಹೇಳ್ಕೊಡ್ತೀರಾ?"

"ಟೀಗೆ ಸಕ್ಕರೆ ಹಾಕ್ಸಿದೀರಾ?"

"ಎರಡು ಚಮಚ."

"ಹಾಗಾದ್ರೆ ಕೂತ್ಕೊಳ್ಳಿ."

ಅಂದಿನಿಂದ ಅದೇ ಅವನ ಜಾಗವಾಯಿತು. ಒಂದೊಂದೇ ಅಕ್ಷರ ಹಿಡಿದು ಇಬ್ಬರೂ ಜಗಳವಾಡಿದರು, ನಕ್ಕರು. ಅವನು ಬಾರದ ಬೆಳಿಗ್ಗೆ ಮುತ್ತರಸಿಯ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. 'ಛೇ, ಏನಾಗಿದೆ ನನಗೆ!' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ತಮಿಳಿನ ಕೆಲಸ ಮುಗಿಯಿತು. ಪರೀಕ್ಷೆಯಲ್ಲಿ ಒಂದು ತಪ್ಪೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮುತ್ತರಸಿ ಮಾತ್ರ ಮಂಕಾದಳು. ತಮಿಳು ಸರಿಹೋಯಿತು... ಇನ್ನು ಅವನಿಗೆ ಈ ಮೇಜಿನಲ್ಲಿ ಏನು ಕೆಲಸ?

ಅದೇ ವಾರ ವಿಜಯವಾಡದಿಂದ ಹಿಮಬಿಂದು ಬಂದಳು.

ತೆಲುಗಿನ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಅದನ್ನು ಸರಿಮಾಡಲು ಕದಿರವನ್‌ನ ಸಾಫ್ಟ್‌ವೇರ್ ಕಂಪನಿಯೇ ಕಳಿಸಿದ ಹುಡುಗಿ. ಎತ್ತರ, ಚುರುಕು, ಮಾತಿಗಿಂತ ಮೊದಲೇ ನಗು. ಬಂದವಳೇ "ಒರೇಯ್ ಕದಿರ್!" ಎಂದು ಅವನ ಬೆನ್ನಿಗೊಂದು ಗುದ್ದಿದಳು.

ಒರೇಯ್! ಮುತ್ತರಸಿ ಇಷ್ಟು ದಿನವಾದರೂ ಅವನನ್ನು 'ಸಾರ್' ಎನ್ನುವುದನ್ನು ಬಿಟ್ಟಿರಲಿಲ್ಲ.

ವಿಭಾಗದ ಮೂಲೆಯ ಗಾಜಿನ ಕೋಣೆಯಲ್ಲಿ ಅವರಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ಅಕ್ಕಪಕ್ಕ ಕೂತಿರುತ್ತಿದ್ದರು. ಅವನು ಚೆನ್ನೈನಲ್ಲಿ ಕಲಿತ ತೆಲುಗು ಈಗ ನೀರಿನಂತೆ ಹರಿಯುತ್ತಿತ್ತು. ಟೀ ಗಾಜಿನ ಕೋಣೆಗೇ ಹೋಗುತ್ತಿತ್ತು.

"ಏನೇ, ಇದು ಬೆಂಕಿಪೊಟ್ಟಣದ ಊರು ನಿಜ. ಆದ್ರೆ ಹೊಗೆ ನಿನ್ನ ಕಿವಿಯಿಂದ ಬರ್ತಿದೆಯಲ್ಲೇ!" ರಾಜಮ್ಮಾಳ್ ಅಕ್ಕ ಚುಚ್ಚಿದಳು.

"ಯಾರಿಗೆ ಬೇಕಕ್ಕಾ ಅವ್ರ ಸುದ್ದಿ?"

"ಸರಿ ಬಿಡು. ಹಾಗಾದ್ರೆ ಅವಳೇನಂದ್ಲು ಅಂತ ನಾನು ಹೇಳಲ್ಲ."

ರಾಜಮ್ಮಾಳ್ ಅಕ್ಕನ ಮನೆಮಾತು ತೆಲುಗು. ಮುತ್ತರಸಿ ತಡೆದಳು, ತಡೆದಳು... ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟಳು. "ಏನಂದ್ಲು?"

"'ಈ ಸಲ ನಿನ್ನ ಬಿಟ್ಟು ಹೋಗಲ್ಲ. ನನ್ನ ಜೊತೆ ವಿಜಯವಾಡಕ್ಕೆ ಬಂದುಬಿಡು' ಅಂದ್ಲು."

ಮುತ್ತರಸಿಯ ಕೈ ಕೀಲಿಯ ಮೇಲೆ ಹಾಗೇ ನಿಂತಿತು. "ಅವ್ರು... ಏನಂದ್ರು?"

"ನಕ್ಕ. ಆಮೇಲೇನೋ ಹೇಳ್ದ, ಅಷ್ಟರಲ್ಲಿ ಹಾಳಾದ್ದು ಮಿಷನ್ ಶುರುವಾಯ್ತು, ಕೇಳಿಸ್ಲಿಲ್ಲ."

ನಕ್ಕ. ಆ ಒಂದು ಮಾತು ಅವಳ ಎದೆಯಲ್ಲಿ ಮುರಿದ ಮುಳ್ಳಿನಂತೆ ಕೂತಿತು.

ಮರುದಿನ ಮಧ್ಯಾಹ್ನ ಸೇಲಂನ ಬೆಳ್ಳಿ ಕಾಲ್ಗೆಜ್ಜೆ ಅಂಗಡಿಯ ಆರ್ಡರನ್ನು ಹೊಸ ವ್ಯವಸ್ಥೆಯಲ್ಲಿ ನೋಡಬೇಕಾಗಿ ಬಂತು. ಅಂಗಡಿಯ ಹೆಸರು 'ವೆಳ್ಳಿ ಮಾಳಿಗೈ'. ತಮಿಳಿನಲ್ಲಿ ಬೆಳ್ಳಿಯೂ ವೆಳ್ಳಿ, ಶುಕ್ರವಾರವೂ ವೆಳ್ಳಿ. ಮುತ್ತರಸಿ 'ವೆಳ್ಳಿ' ಎಂದು ಬರೆದು ಹುಡುಕಿದಳು.

ಯಾವ ಆರ್ಡರೂ ಇಲ್ಲ ಎಂದಿತು ಪರದೆ.

ಹುಡುಕುವುದನ್ನು ಬಿಟ್ಟು, ಒಂದೊಂದೇ ಹೆಸರು ಸರಿಸುತ್ತ ಕೆಳಗಿಳಿದಳು. ಅರೆ, ಇಲ್ಲೇ ಇದೆಯಲ್ಲ! ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ!

ಗುಟ್ಟು ಅವಳಿಗೆ ಹೊಳೆಯಿತು. ತಮಿಳಿನಲ್ಲಿ 'ಔ' ಸ್ವರದ ಬಾಲವೂ 'ಳ' ಅಕ್ಷರವೂ ನೋಡಲು ಅವಳಿ ಮಕ್ಕಳಂತೆ ಒಂದೇ. 'ಗೌರಿ' ಕೆಡಬಾರದೆಂದು ಇಬ್ಬರೂ ಒಂದು ನಿಯಮ ಮಾಡಿದ್ದರು. ಆ ನಿಯಮ 'ವೆಳ್ಳಿ'ಯ ಳಕಾರವನ್ನೂ ಔಕಾರದ ಬಾಲವೆಂದು ತಿಳಿದು ಹಿಂದಿನ ಅಕ್ಷರಕ್ಕೆ ಅಂಟಿಸಿಬಿಟ್ಟಿತ್ತು. ನೋಡುವ ಮನುಷ್ಯರಿಗೆ ವ್ಯತ್ಯಾಸವಿಲ್ಲ. ಯಂತ್ರಕ್ಕೆ ಅದು ಬೇರೆಯೇ ಪದ.

ಸೋಮವಾರದಿಂದ ತಮಿಳು, ತೆಲುಗು ಆರ್ಡರುಗಳಿಗೆ ಹಳೆಯದು ಬಂದ್, ಹೊಸದು ಶುರು. ಈಗಲೇ ಹೇಳಬೇಕು! ಅವಳು ಎದ್ದು ಓಡಿದಳು. ನಿಜ ಹೇಳಬೇಕೆಂದರೆ ಅವಳ ಕಾಲಿಗೆ ಖುಷಿಯ ರೆಕ್ಕೆ ಬಂದಿತ್ತು. ತಮಿಳು ಕೆಟ್ಟಿದೆ... ಅವನು ಮತ್ತೆ ತನ್ನ ಮೇಜಿಗೆ ಬರಲೇಬೇಕು!

ಗಾಜಿನ ಬಾಗಿಲಲ್ಲಿ ನಿಂತವಳು ಅಲ್ಲೇ ಕಲ್ಲಾದಳು.

ಹಿಮಬಿಂದು ತನ್ನ ಡಬ್ಬಿಯ ಗೋಂಗೂರ ಪಚ್ಚಡಿಯನ್ನು ಅನ್ನಕ್ಕೆ ಕಲಸಿ ಅವನ ತಟ್ಟೆಗೆ ಹಾಕುತ್ತಿದ್ದಳು. ಖಾರಕ್ಕೆ ಅವನ ಕಣ್ಣಲ್ಲಿ ನೀರು. ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಕದಿರವನ್ ತಲೆಯೆತ್ತಿದ. "ಬನ್ನಿ ಮುತ್ತರಸಿ! ಏನಾದ್ರೂ ಇದೆಯಾ?"

ಗಂಟಲಿನವರೆಗೆ ಬಂದ ಮಾತು ಅಲ್ಲೇ ಹುಳಿಯಾಯಿತು.

"ಏನಿಲ್ಲ ಸಾರ್."

'ಪಕ್ಕದಲ್ಲೇ ಕೂತಿದಾಳಲ್ಲ ಜಾಣೆ, ಅವಳೇ ಹುಡುಕಿಕೊಡಲಿ! ನಾನ್ಯಾಕೆ ಹೇಳಬೇಕು?'

ಸೋಮವಾರ ಹೊಸ ವ್ಯವಸ್ಥೆ ಶುರುವಾಯಿತು. ಅಣ್ಣಾಚ್ಚಿ ಕರ್ಪೂರ ಹಚ್ಚಿ ತೆಂಗಿನಕಾಯಿ ಒಡೆಸಿದರು. ಮುತ್ತರಸಿಗೆ ಅಂದು ಊಟ ಸೇರಲಿಲ್ಲ. ನಾಳೆ ಹೇಳೋಣ ಎಂದುಕೊಂಡಳು. ನಾಳೆ ಬಂತು. ಗಾಜಿನ ಕೋಣೆಯಿಂದ ನಗು ಕೇಳಿಸಿತು. ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಸೇಲಂನಿಂದ ಬಂದ ಫೋನು ಅಣ್ಣಾಚ್ಚಿಯ ಕಿವಿಯನ್ನೇ ಸುಟ್ಟಿತು.

"ಆರ್ಡರೇ ಇಲ್ಲ ಅಂದ್ರೆ ಏನರ್ಥ? ನಮ್ಮ ಹುಡುಗರು ನಿಮ್ಮ ಪ್ರೆಸ್ಸಿಗೆ ಬಂದು ಚಿತ್ರ ಆರಿಸಿ ಹೋಗಿದಾರಲ್ರೀ!"

ಅಚ್ಚಿನ ಪ್ಲೇಟ್ ಮಾಡುವ ವಿಭಾಗದವರು ಹೊಸ ವ್ಯವಸ್ಥೆಯಲ್ಲಿ ಹೆಸರು ಹುಡುಕಿ ಹುಡುಕಿ ಅಚ್ಚಿನ ಸರದಿ ಹಾಕಿದ್ದರು. ಹುಡುಕಾಟಕ್ಕೆ ಸಿಗದ ಬೆಳ್ಳಿ ಅಂಗಡಿಗಳೆಲ್ಲ ಸರದಿಯಿಂದಲೇ ಬಿಟ್ಟುಹೋಗಿದ್ದವು.

ಅಣ್ಣಾಚ್ಚಿ ಕೆಂಡವಾಗಿ ಗಾಜಿನ ಕೋಣೆಗೆ ನುಗ್ಗಿದರು. "ಅಪ್ಪನ ಕಾಲದ ಗಿರಾಕಿ ಕಣೋ! ನಾಳೆ ಅವ್ನು ಬೇರೆ ಪ್ರೆಸ್ಸಿಗೆ ಹೋದ್ರೆ ನಿನ್ನ ಕಂಪ್ಯೂಟರ್ ಕರ್ಕೊಂಡು ಬರುತ್ತಾ? ಹಳೇದನ್ನೇ ಹಾಕ್ರೋ! ಇವನನ್ನ ಇವತ್ತೇ ಬಸ್ ಹತ್ಸಿ!"

ಕದಿರವನ್‌ನ ಮುಖ ಬಿಳಿಚಿಕೊಂಡಿತ್ತು. "ಅಣ್ಣಾಚ್ಚಿ, ತಮಿಳನ್ನ ಒಂದೊಂದು ಅಕ್ಷರಾನೂ ನೋಡಿದೀನಿ... ಹೆಂಗಾಯ್ತು ಅಂತ ನಂಗೇ ಗೊತ್ತಾಗ್ತಿಲ್ಲ."

ಅವನ ದನಿ ನಡುಗಿತು. ಆ ನಡುಕ ಮುತ್ತರಸಿಯ ಕಿವಿಗೂ ಬಿತ್ತು. ಇದನ್ನು ಮಾಡಿದ್ದು ಯಾರು? ನಿಯಮವಲ್ಲ, ಯಂತ್ರವಲ್ಲ... ನಾನು!

"ಅಣ್ಣಾಚ್ಚಿ!" ಅವಳು ಎಲ್ಲರನ್ನೂ ತಳ್ಳಿಕೊಂಡು ಒಳಗೆ ಬಂದಳು. "ಅವ್ರನ್ನ ಬೈಬೇಡಿ. ಈ ತಪ್ಪು ನಂಗೆ ಮೊದಲೇ ಗೊತ್ತಿತ್ತು. ಹೇಳ್ಲಿಲ್ಲ."

"ಗೊತ್ತಿತ್ತಾ?" ಕದಿರವನ್ ಅವಳನ್ನೇ ನೋಡಿದ. "ಅವತ್ತು ಬಾಗಿಲಿಗೆ ಬಂದು... 'ಏನಿಲ್ಲ' ಅಂದ್ರಲ್ಲ?"

ಅವಳು ತಲೆ ತಗ್ಗಿಸಿದಳು.

"ಯಾಕಮ್ಮಾ?" ಅಣ್ಣಾಚ್ಚಿ ಗುಡುಗಿದರು.

ಏನೆಂದು ಹೇಳುವುದು? ಇಷ್ಟು ಜನರ ಮುಂದೆ, ಗೋಂಗೂರ ಪಚ್ಚಡಿ ಎಂದೇ?

ಹಿಮಬಿಂದು ಅವಳ ಮುಖವನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಕುರ್ಚಿ ಎಳೆದು ಮುಂದಿಟ್ಟು, ತನ್ನ ಹರಕು ತಮಿಳಿನಲ್ಲಿ ಹೇಳಿದಳು. "ಯಾಕೆ ಅನ್ನೋದು ಆಮೇಲೆ ಅಣ್ಣಾಚ್ಚಿ. ಮೊದಲು ಎಲ್ಲಿ ತಪ್ಪಿದೆ ತೋರಿಸ್ಲಿ. ಕೂತ್ಕೋ ಮುತ್ತರಸಿ."

ಮೂವರೂ ಕೂತರು. ಗೌರಿಗಳನ್ನು ಉಳಿಸಬೇಕು, ವೆಳ್ಳಿಗಳನ್ನು ಬಿಡಿಸಬೇಕು. ಮುತ್ತರಸಿ ಪದ ಹೇಳುತ್ತ ಹೋದಳು, ಹಿಮಬಿಂದು ನಿಯಮ ತಿದ್ದಿದಳು, ಕದಿರವನ್ ಮತ್ತೆ ಮತ್ತೆ ಓಡಿಸಿ ನೋಡಿದ. ಅವನು ಮುತ್ತರಸಿಯೊಡನೆ ಕೆಲಸದ ಮಾತು ಬಿಟ್ಟು ಒಂದು ಮಾತನ್ನೂ ಹೆಚ್ಚು ಆಡಲಿಲ್ಲ. ಆ ಮೌನ ಅಣ್ಣಾಚ್ಚಿಯ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಬೆಳ್ಳಿ ಅಂಗಡಿಗಳೆಲ್ಲ ಒಂದೊಂದಾಗಿ ಪರದೆಗೆ ಬಂದವು. ಸೇಲಂನ ಆರ್ಡರ್ ಎಲ್ಲಕ್ಕಿಂತ ಮುಂದೆ ಮಿಷನ್ ಹತ್ತಿತು.

"ಬದುಕಿಕೊಂಡ್ರಿ," ಎಂದರು ಅಣ್ಣಾಚ್ಚಿ, ಮುತ್ತರಸಿಯ ಕಡೆ ಬೆರಳು ತೋರಿಸಿ. "ನೀನೇ ಸೇಲಂಗೆ ಫೋನ್ ಮಾಡಿ ಕ್ಷಮೆ ಕೇಳು. ಇನ್ನೊಂದ್ಸಲ ಹಿಂಗೆ ಮಾಡಿದ್ರೆ, ನಿಮ್ಮಪ್ಪ ನನ್ನ ಸ್ನೇಹಿತ ಅಂತಾನೂ ನೋಡಲ್ಲ."

ಅವಳು ಫೋನ್ ಮಾಡಿದಳು. ಬೈಸಿಕೊಂಡಳು. ಮುಖ ತೊಳೆಯಲು ಹೋದಾಗ ನಲ್ಲಿಯ ಬಳಿ ಹಿಮಬಿಂದು ನಿಂತಿದ್ದಳು. ತೆಲುಗಿನ ಕೆಲಸ ಮುಗಿದಿತ್ತು, ಹೆಗಲಲ್ಲಿ ಊರಿಗೆ ಹೊರಟ ಚೀಲ.

"ನನ್ನ ಮೇಲೆ ಹೊಟ್ಟೆಕಿಚ್ಚು, ಅಲ್ವಾ?"

ಮುತ್ತರಸಿ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಎರಚಿಕೊಂಡಳು.

"ನಂಗೂ ಇತ್ತು... ನಿನ್ನ ಮೇಲೆ." ಹಿಮಬಿಂದು ನಕ್ಕಳು, ಆದರೆ ಕಣ್ಣು ನಗಲಿಲ್ಲ. "ತೆಲುಗು ಅಕ್ಷರ ಕೆಟ್ರೂ 'ಮುತ್ತರಸಿನ ಕೇಳೋಣ' ಅಂತಾನೆ! ಅವಳಿಗೆ ತೆಲುಗೇ ಬರಲ್ವಲ್ಲೋ ಅಂದ್ರೆ, 'ಆದ್ರೂ ಕೇಳೋಣ' ಅಂತಾನೆ. ಎಷ್ಟು ಉರಿದಿರಬೇಡ ನಂಗೆ!"

"ಅಕ್ಕಾ..."

"ಅವನ ಮೇಲಿನ ಸಿಟ್ಟನ್ನ ಅವನ ಮೇಲೇ ತೀರಿಸ್ಕೋ. ಕೆಲಸದ ಮೇಲೆ ಬೇಡ."

ಅಷ್ಟೇ ಹೇಳಿ ಅವಳು ಹೊರಟುಹೋದಳು.

ಸಂಜೆ ಪ್ರೆಸ್ಸಿನ ಎದುರಿನ ಟೀ ಅಂಗಡಿಯಲ್ಲಿ ಕದಿರವನ್ ಒಬ್ಬನೇ ಕೂತಿದ್ದ. ಮುತ್ತರಸಿ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ ನಂಗೆ."

"ನೋವಾಯ್ತು," ಎಂದ ಅವನು, ರಸ್ತೆ ನೋಡುತ್ತ. "ನನ್ನ ಮೇಲೆ ಕೋಪ ಇದ್ರೆ ಬೈಬಹುದಿತ್ತು. ಅಷ್ಟು ಜನರ ಮುಂದೆ ನಾನು ದಾರಿ ತಪ್ಪಿದ ಮಗು ಥರ ನಿಂತಿದ್ದೆ."

"ನೀವು ವಿಜಯವಾಡಕ್ಕೆ ಹೋಗ್ತೀರಿ ಅಂದ್ಕೊಂಡೆ. ಅವ್ರು ಕರೆದ್ರಂತೆ... ನೀವು ನಕ್ರಂತೆ."

ಅವನು ತಟ್ಟನೆ ತಿರುಗಿದ. "ಕರೆದದ್ದು ನಿಜ. ಚೆನ್ನೈನಲ್ಲಿದ್ದಾಗ ಇಬ್ಬರೂ ಮದುವೆ ಮಾತಾಡಿದ್ವಿ, ಅದೂ ನಿಜ. ಆಗ ಬಿಟ್ಟು ಹೋದವಳು ಅವಳು. ಈಗ ಮತ್ತೆ ಕೇಳಿದ್ಲು. ಏನು ಹೇಳಬೇಕೋ ತಿಳೀದೆ ನಕ್ಕೆ. ನಕ್ಕ ಮೇಲೆ 'ಇಲ್ಲ' ಅಂದೆ."

ಮಿಷನ್ನಿನ ಸದ್ದಿನಲ್ಲಿ ರಾಜಮ್ಮಾಳ್ ಅಕ್ಕನಿಗೆ ಕೇಳಿಸದೆ ಹೋದದ್ದು ಇದೇ!

"ಯಾಕೆ... ಇಲ್ಲ ಅಂದ್ರಿ?"

"ಅದನ್ನೂ ನಾನೇ ಹೇಳಬೇಕಾ?"

"ಹೇಳಬೇಕು. ನಂಗೆ ಬೇರೆಯವರ ಬಾಯಿಂದ ಕೇಳಿ ಸಾಕಾಗಿದೆ."

ಅವನು ಲೋಟ ಕೆಳಗಿಟ್ಟ. "ತಮಿಳಿನ ಕೆಲಸ ಮುಗಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಂಗೆ ಮಾತ್ರ, ಅಯ್ಯೋ ಇಷ್ಟು ಬೇಗ ಯಾಕೆ ಮುಗೀತು ಅನ್ನಿಸ್ತು. ಅದಕ್ಕೇ, ಮುತ್ತರಸಿ... ನೀನಿರೋ ಊರು ಬಿಟ್ಟು ಹೋಗೋಕೆ ನಂಗಾಗಲ್ಲ."

'ನೀವು' ಎಂಬುದು ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಮುತ್ತರಸಿಯ ಕಣ್ಣು ತುಂಬಿ ಬಂತು. ಬೆಂಚಿನ ಆ ತುದಿಯಿಂದ ಸ್ವಲ್ಪವೇ ಈಚೆಗೆ ಸರಿದಳು.

"ನಂಗೂ ಹಾಗೇ ಅನ್ನಿಸಿತ್ತು," ಎಂದಳು ಮೆಲ್ಲಗೆ. "ಹೇಳೋಕೆ ಬಾಯಿ ಬರದೆ, ಮಾಡಬಾರದ್ದು ಮಾಡ್ದೆ. ಇನ್ಮೇಲೆ ಏನಿದ್ರೂ ಮುಖಕ್ಕೇ ಹೇಳ್ತೀನಿ, ಕದಿರ್."

ಮೊದಲ ಬಾರಿಗೆ 'ಸಾರ್' ಇರಲಿಲ್ಲ. ಅವನ ಮುಖ ಅರಳಿತು.

"ಹಾಗಾದ್ರೆ ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ," ಎಂದ. "ಸೋಮವಾರದಿಂದ ಮಲಯಾಳಂ ಶುರು. ಕೊಚ್ಚಿಯಿಂದ ಒಬ್ಬರು ಬರ್ತಾರೆ."

ಅವಳ ಹುಬ್ಬು ಗಂಟಿಕ್ಕಿತು. "ಹೆಸರು?"

"ಕುರಿಯಾಕೋಸ್."

"ವಯಸ್ಸು?"

"ಮೊಮ್ಮಗಳ ಮದುವೆ ಇದೆಯಂತೆ, ಬೇಗ ಮುಗಿಸಿ ಅಂತಿದಾರೆ. ಇಷ್ಟು ದಪ್ಪ ಮೀಸೆ."

ಮುತ್ತರಸಿ ನಗು ತಡೆಯಲಾರದೆ ಮುಖ ಮುಚ್ಚಿಕೊಂಡಳು. "ಆದ್ರೂ... ಊಟ ಮಾತ್ರ ನಾನು ತಂದದ್ದೇ ಮಾಡಬೇಕು."

"ದಿನಾ ತರ್ತೀಯಾ?"

"ಅಪ್ಪನ ಹತ್ರ ಬಂದು ಕೇಳು, ಆಮೇಲೆ ನೋಡೋಣ."

"ನಾಳೆನೇ ಬರ್ಲಾ?"

"ನಾಳೆ ವೆಳ್ಳಿ," ಎಂದಳು ಅವಳು, ಕೆಂಪಾಗಿ. "ಒಳ್ಳೇ ದಿನ. ಬಾ."