ಬೆಂಕಿ ಲಾರಿಯ ಬಿರುಕು

ಮೇಲಿನಿಂದ ಹೊಯ್ದ ನೀರು ಕೆಳಗಿನಿಂದ ಸುರಿಯಿತು.

ಶಿರಾದ ಕಡಲೆಕಾಯಿ ಮಂಡಿಯ ಶೆಡ್ಡಿನಲ್ಲಿ ನೆರೆದಿದ್ದವರು ಗಕ್ಕನೆ ಹಿಂದೆ ಸರಿದರು. ದಿಮ್ಮಿಗಳ ಮೇಲೆ ಕೂರಿಸಿದ್ದ ಎಂಜಿನ್ನಿನ ಪಕ್ಕೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಮೇಲೆ ಮಾತ್ರ ಹೊಸ ಕಪ್ಪು ಬಣ್ಣ, ಮಿರಮಿರ.

"ಇದು ನಾನು ತಂದಿದ್ದಲ್ಲ!" ಬೆಂಕಿ ಲಾರಿಯ ಡ್ರೈವರ್ ನಿಯಾಜ್ ಅಹಮದ್ ಕೂಗಿದ.

ಮಹಾಯುದ್ಧ ಮುಗಿದ ಮೇಲೆ ಬೆಂಕಿ ಆರಿಸಲೆಂದು ಮಂಡಿಯ ವರ್ತಕರು ಹರಾಜಿನಲ್ಲಿ ಕೊಂಡ ಲಾರಿ ಅದು. ಹೋದ ಬೇಸಿಗೆ ಬುಕ್ಕಾಪಟ್ಟಣದಲ್ಲಿ ಬಣವೆಗಳಿಗೆ ಬೆಂಕಿ ಬಿದ್ದಾಗ ಕಾದ ಎಂಜಿನ್ನಿನ ಮೇಲೆ ಯಾರೋ ತಣ್ಣೀರು ಸುರಿದರು, ಅದು ಒಡೆದುಹೋಯಿತು. ಅಂಥದೇ ಇನ್ನೊಂದಕ್ಕಾಗಿ ನಿಯಾಜ್ ಅಲೆಯದ ಊರಿಲ್ಲ. ಮಧುಗಿರಿಯಲ್ಲಿ ಸಿಕ್ಕಿದ್ದು ಉದ್ದವಾಯಿತು. ಕೊರಟಗೆರೆಯಲ್ಲಿ ಸಿಕ್ಕಿದ್ದು ಗೇರ್ ಪೆಟ್ಟಿಗೆಗೆ ಹೊಂದಲಿಲ್ಲ. ಕೊನೆಗೆ ಪಾವಗಡದ ಹತ್ತಿರ ವಳ್ಳೂರಿನಲ್ಲಿ, ಅಂಜನಪ್ಪನೆಂಬ ರೈತನ ಬಾವಿಯಿಂದ ವರ್ಷಗಟ್ಟಲೆ ನೀರೆತ್ತುತ್ತಿದ್ದ ಎಂಜಿನ್ನೊಂದು ಸಿಕ್ಕಿತು — ಅದೇ ಕಂಪನಿ, ಅದೇ ಅಚ್ಚು. ಮಂಡಿಯ ದುಡ್ಡಿಗೆ ಅದನ್ನೇ ಕೊಂಡು ಶೆಡ್ಡಿಗೆ ತಂದಿಳಿಸಿದ್ದ.

"ನೀನು ತಂದ ಎಂಜಿನ್ನಿನ ನಂಬರೇ ಐತಲ್ಲಯ್ಯ?" ಸಬ್ ಇನ್ಸ್‌ಪೆಕ್ಟರ್ ಶಂಕರಲಿಂಗಪ್ಪ ಹಿತ್ತಾಳೆಯ ಪಟ್ಟಿಯನ್ನು ಬೆತ್ತದಿಂದ ತಟ್ಟಿದರು.

"ನಂಬರು ಸರಿ. ಎಂಜಿನ್ ತಪ್ಪು."

ಮಂಡಿಯ ಕಾರ್ಯದರ್ಶಿ ಮೂಡಲಗಿರಿಯಪ್ಪ ನಿಟ್ಟುಸಿರಿಟ್ಟರು. "ಒಡೆದಿದ್ದನ್ನ ತಂದು ನಮ್ ತಲೆಗೆ ಕಟ್ಟವ್ನೆ ಸ್ವಾಮಿ. ಹೋಗ್ಲಿ, ಕೇಸು ಬ್ಯಾಡ. ತಪ್ಪಾಯ್ತು ಅಂತ ಎಲ್ಲರೆದ್ರಿಗೆ ಒಪ್ಕಂಡು ಊರು ಬುಟ್ಟು ಹೋಗ್ಲಿ. ಲಾರಿ ಮಾರ್ಬುಟ್ರಾಯ್ತು."

"ಜೈಲಿಗೆ ಬೇಕಾದ್ರೆ ಹೋಯ್ತೀನಿ. ಒಪ್ಕಳಾಕಿಲ್ಲ."

"ಹಂಗಾದ್ರೆ ನಡಿ ಠಾಣೆಗೆ."

"ಸ್ವಲ್ಪ ನಿಲ್ಲಿ."

ನಿಯಾಜನಿಗೆ ಬುತ್ತಿ ತಂದಿದ್ದ ಹೆಂಡತಿ ಹಮೀದಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡ ಸಾಲುಮರಗಳ ಕೆಳಗೆ ಎತ್ತಿನ ಗಾಡಿಯ ಪಕ್ಕದಲ್ಲೇ ನಡೆದು ವಳ್ಳೂರಿನಿಂದ ಆ ಎಂಜಿನ್ನನ್ನು ತಂದದ್ದು ಅವಳಿಗೆ ಗೊತ್ತಿತ್ತು. ಬುತ್ತಿ ಕೆಳಗಿಟ್ಟು ಒಳಗೆ ನುಗ್ಗಿದಳು.

"ಹೆಂಗಸ್ರಿಗೆ ಎಂಜಿನ್ ಹತ್ರ ಏನಮ್ಮ ಕೆಲ್ಸ?" ಮೂಡಲಗಿರಿಯಪ್ಪ ಗದರಿದರು.

"ನನ್ ಗಂಡನ್ನ ಕಳ್ಳ ಅಂದ್ರಲ್ಲ, ಅದೇ ಕೆಲ್ಸ."

ನೀರು ಹೊಯ್ದ ತೂತಿನೊಳಗೆ ಬೆರಳು ತೂರಿಸಿ ಕೆರೆದಳು. ಬೆರಳು ಕೆಂಪು ಕೆಸರಾಗಿ ಹೊರಬಂತು. ಅದನ್ನು ಒರೆಸಿಕೊಳ್ಳಲಿಲ್ಲ.

"ಇದಕ್ಕೆ ಬಣ್ಣ ಬಳಿದೋರು ಯಾರು?"

"ನಾನೇ ಬಳಿಸ್ದೆ. ಪೂಜೆಗೆ ಚೆಂದ ಕಾಣ್ಲಿ ಅಂತ," ಎಂದರು ಕಾರ್ಯದರ್ಶಿ.

"ಆವಾಗ ಇವರೆಲ್ಲಿದ್ರು?"

"ಗ್ಯಾಸ್ಕೆಟ್ ತರಾಕೆ ಕಾರ್ಯದರ್ಶಿಗಳೇ ತುಮಕೂರಿಗೆ ಕಳಿಸಿದ್ರು," ಎಂದ ನಿಯಾಜ್.

"ಹಳೇ ಎಂಜಿನ್ ಎಲ್ಲಿ?"

ಯಾರೋ ಕಿಸಕ್ಕನೆ ನಕ್ಕರು. "ಅದು ಗುಜರಿಗೆ ಹೋಯ್ತು ಕಣಮ್ಮ," ಎಂದರು ಶಂಕರಲಿಂಗಪ್ಪ. "ನೀನು ಕೇಳ್ಬೇಕಾದ್ದು ಅದನ್ನಲ್ಲ."

"ಕಳೀದೇ ಇರೋದನ್ನ ಯಾರೂ ಹುಡುಕಲ್ಲ ಸ್ವಾಮಿ. ಅದಕ್ಕೇ ಕೇಳ್ತಿದೀನಿ."

ಗುಜರಿಯ ಹಬೀಬ್ ಸಾಬ್ ಗುಂಪಿನೊಳಗೇ ಇದ್ದರು. ಗಡ್ಡ ನೀವಿಕೊಂಡು ಮುಂದೆ ಬಂದರು. "ಕದ್ದು ಒಯ್ದಿಲ್ಲ ಬೇಟಿ. ಹಟ್ಟಹಗಲಲ್ಲಿ ಗಾಡಿ ಮೇಲೆ ಹೇರಿಸ್ಕಂಡು ಹೋದೆ. ಊರೆಲ್ಲ ನೋಡೈತೆ."

"ಒಡೆದು ಚೂರು ಮಾಡಿದ್ರಾ ಚಾಚಾ?"

"ಇಲ್ಲ. ಕೊರಟಗೆರೆ ದಾರೀಲಿ ಕಡಲೆಕಾಯಿ ಸುಲಿಯೋ ಮಿಲ್ಲೊಂದೈತೆ. ಇಡಿಯಾಗೇ ಬೇಕು ಅಂದ್ರು. ಇಳಿಸಿ ಬಂದೆ."

"ಒಡೆದ ಎಂಜಿನ್ ಮಿಲ್ಲಿಗ್ಯಾಕೆ?"

"ಗಿರಾಕಿನ ನಾನ್ಯಾಕೆ ಕೇಳ್ಲಿ?"

ನಗು ನಿಂತಿತು. ಶಂಕರಲಿಂಗಪ್ಪ ಟೋಪಿ ಸರಿಮಾಡಿಕೊಂಡರು. "ಎಲ್ಲರೂ ಜೀಪು ಹತ್ತಿ. ನೀವೂ ಬನ್ನಿ ಕಾರ್ಯದರ್ಶಿಗಳೇ."

"ನನಗೆ ಮಂಡೀಲಿ ಕೆಲ್ಸ ಐತೆ —"

"ಹತ್ತಿ."

ಮಿಲ್ಲಿನ ಸದ್ದು ರಸ್ತೆಗೇ ಕೇಳುತ್ತಿತ್ತು. ಗುಜರಿಗೆ ಹೋದ ಎಂಜಿನ್ನು ಹಳೆಯ ನಂಬರಿನ ಪಟ್ಟಿ ಹೊತ್ತು ಗಟ್ಟಿಯಾಗಿ ಓಡುತ್ತಿತ್ತು! ಶಂಕರಲಿಂಗಪ್ಪ ಅದನ್ನು ನಿಲ್ಲಿಸಲು ಹೇಳಿದರು. ಆರಿದ ಮೇಲೆ ನೀರಿನ ಕೊಳವೆ ಬಿಚ್ಚಿಸಿದರು. ಹಮೀದಾ ಇನ್ನೊಂದು ಕೈಯ ಬೆರಳನ್ನು ಒಳಗೆ ತೂರಿಸಿ ಉಗುರಿನಿಂದ ಕೆರೆದಳು. ಸುಣ್ಣದಂಥ ಬಿಳಿ ಹಕ್ಕಳೆ ಉದುರಿತು.

ಎರಡು ಬೆರಳನ್ನೂ ಎತ್ತಿ ಹಿಡಿದಳು. ಒಂದು ಕೆಂಪು, ಒಂದು ಬಿಳಿ.

"ನನ್ ತವರು ಪಾವಗಡ ಸ್ವಾಮಿ. ಅಲ್ಲಿ ಬಾವಿ ನೀರು ಕಾಯಿಸಿದ್ರೆ ಹಂಡೆ ಒಳಗೆ ಇಂಗೇ ಬೆಳ್ಳಗೆ ಕಟ್ಕಳುತ್ತೆ. ಹುಣಸೇಹಣ್ಣು ಹಾಕಿ ಉಜ್ಜೀ ಉಜ್ಜೀ ನನ್ ಕೈ ಸವೆದೈತೆ. ವಳ್ಳೂರಲ್ಲಿ ಅಷ್ಟು ವರ್ಷ ಆ ನೀರು ಕುಡಿದ ಎಂಜಿನ್ ಒಳಗೆ ಹಕ್ಕಳೆ ಇರಲೇಬೇಕು. ಮಂಡೀಲಿರೋದ್ರಲ್ಲಿ ಕೆಮ್ಮಣ್ಣೈತೆ — ನಮ್ ಶಿರಾ ಕೆರೇದು. ಅದು ಮೊದ್ಲಿಂದ್ಲೂ ಲಾರೀಲಿದ್ದ ಹಳೇ ಎಂಜಿನ್ನು. ಪಟ್ಟಿ ತಿರುಪು ಬಿಚ್ಚಿದ್ರೆ ಬದಲಾಗುತ್ತೆ. ಹೊಟ್ಟೆ ಬದಲಾಗಲ್ಲ."

"ಬದಲಾಯಿಸಿದ್ಯಾರು?"

"ಶೆಡ್ಡಿನ ಬೀಗದ ಕೈ ಯಾರತ್ರ ಇತ್ತು? ಇವರನ್ನ ತುಮಕೂರಿಗೆ ಕಳಿಸ್ದೋರು ಯಾರು? ಬಿರುಕು ಕಾಣದಂಗೆ ಬಣ್ಣ ಬಳಿಸ್ದೋರು ಯಾರು?" ಹಮೀದಾ ತಿರುಗಿದಳು. "ಈ ಮಿಲ್ಲು ಯಾರ್ದು ಮೂಡಲಗಿರಿಯಪ್ನೋರೇ?"

ಮೂಡಲಗಿರಿಯಪ್ಪ ಜೀಪಿನತ್ತ ತಿರುಗಿದರು.

"ಇವರ ಬಾಮೈದುನಂದು," ಎಂದರು ಹಬೀಬ್ ಸಾಬ್. "ಗಾಡಿ ಇಲ್ಲಿಗೇ ಹೊಡಿ ಅಂತ ಹೇಳಿದ್ದೂ ಇವರೇ. ಬಾಯಿ ಮುಚ್ಕಂಡಿದ್ದೆ. ಇನ್ನು ಆಗಲ್ಲ."

ಕಾರ್ಯದರ್ಶಿ ತಗ್ಗಿದ ದನಿಯಲ್ಲಿ ಹೇಳಿದರು, "ನೋಡಮ್ಮ ತಾಯಿ, ಎಂಜಿನ್ ವಾಪಸ್ ಬರುತ್ತೆ. ನಿನ್ ಗಂಡನ ಕೆಲ್ಸಾನೂ ಉಳಿಯುತ್ತೆ. ಇದು ಇಲ್ಲೇ ಮುಗೀಲಿ. ಮಂಡಿ ಮರ್ಯಾದೆ ಪ್ರಶ್ನೆ."

"ನಮ್ಮ ಮರ್ಯಾದೆ ಕಳೆದಿದ್ದು ಎಲ್ಲರೆದ್ರಿಗೆ. ಅದನ್ನ ಹಿತ್ಲಲ್ಲಿ ಇಸ್ಕಳಾಕಾಗಲ್ಲ. ಅಲ್ಲೇ ಬಂದು ಹೇಳಿ."

ಮುಂದಿನ ಸಂತೆಯ ದಿನ ಮಂಡಿಯಲ್ಲಿ ಪೊಲೀಸಿನವರ ನಡುವೆ ನಿಂತು ಮೂಡಲಗಿರಿಯಪ್ಪ ತಪ್ಪು ತನ್ನದೆಂದು ಹೇಳಲೇಬೇಕಾಯಿತು. ಹಿಂದಿನವರಿಗೆ ಕೇಳಿಸಲಿಲ್ಲ.

"ಇನ್ನೊಂದ್ಸಲ," ಎಂದಳು ಹಮೀದಾ.

ಅವರು ಎರಡನೆಯ ಸಲ ಬಾಯಿ ತೆರೆಯುವ ಹೊತ್ತಿಗೆ ಮಿಲ್ಲಿನಿಂದ ತಂದು ಲಾರಿಗೆ ಕೂರಿಸಿದ್ದ ಎಂಜಿನ್ನು ಶೆಡ್ಡಿನೊಳಗಿಂದ ಕೆಮ್ಮಿತು, ಗುಡುಗಿತು. ಬೆಂಕಿ ಎಲ್ಲೂ ಬಿದ್ದಿರಲಿಲ್ಲ. ಆದರೂ ನಿಯಾಜ್ ಲಾರಿಯನ್ನು ಹೊರಗೆ ತಂದ. ಗಂಟೆ ಬಾರಿಸುತ್ತಾ ಮಂಡಿಯನ್ನು ಸುತ್ತು ಹಾಕಿದ. ಲಾರಿ ಹಮೀದಾಳ ಪಕ್ಕಕ್ಕೆ ಬಂದಾಗ ಗಂಟೆಯ ಹಗ್ಗವನ್ನು ಅವಳ ಕೈಗೆ ಕೊಟ್ಟ.

ಅವಳು ಇನ್ನೂ ಜೋರಾಗಿ ಎಳೆದಳು.