ಅಲೈನ್‌ಮೆಂಟ್ ಆಗದೆ ಹೊರಟ ಕಾರು

"ಮುಂದಿನ ಚಕ್ರದ ಅಲೈನ್‌ಮೆಂಟ್ ಮಾಡಿಸ್ಬೇಕಿತ್ತು..."

ಆ ದನಿ ಕೇಳಿದ್ದೇ ತಡ, ಅವಳ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ನೆಲಕ್ಕೆ ಬಿತ್ತು.

ಮೂರು ವರ್ಷ! ಇನ್ನು ಜನ್ಮದಲ್ಲಿ ನೋಡಬಾರದು ಅಂದುಕೊಂಡಿದ್ದ ಮುಖ ಅವಳ ಟೈರ್ ಅಂಗಡಿಯ ಬಾಗಿಲಲ್ಲೇ ನಿಂತಿತ್ತು. ಅವಳು ಮದುವೆಯಾಗಬೇಕಿದ್ದ ಮೆಕ್ಯಾನಿಕ್. ಅವಳ ಅಣ್ಣನ ಜೀವದ ಗೆಳೆಯ.

ಅಣ್ಣನ ಜೀವ ತೆಗೆದವನು...

"ಬೇರೆ ಕಡೆ ಹೋಗಿ."

"ಅಲ್ಲಿ ಮಷೀನ್ ಕೆಟ್ಟಿದೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎಲ್ಲ ಹೊಸದು ಹಾಕಿದೀನಿ. ಅಲೈನ್‌ಮೆಂಟ್ ಆಗದೆ ಯಾರಿಗೂ ಕಾರು ಕೊಡಲ್ಲ ನಾನು. ಇಲ್ಲಿಗೂ ಎಳೆಸ್ಕೊಂಡೇ ಬಂದೆ."

"ಈ ಬುದ್ಧಿ ಅವತ್ತು ಎಲ್ಲಿ ಹೋಗಿತ್ತು?"



ಅಣ್ಣನ ಕಾರಿಗೆ ಎತ್ತರ ತಗ್ಗಿಸುವ ಸ್ಪ್ರಿಂಗ್ ಹಾಕಿದ್ದು ಇವನೇ. ಕಾರು ತಗ್ಗಿತೆಂದರೆ ಮುಂದಿನ ಚಕ್ರಗಳು ಓರೆಯಾಗುತ್ತವೆ. ಅಲೈನ್‌ಮೆಂಟ್ ಮಾಡಿ ಅವನ್ನು ನೇರಮಾಡದೆ ಜೋರಾಗಿ ಓಡಿಸಿದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಅಣ್ಣನ ಕಾರು ತಿರುವಿನಲ್ಲಿ ಎದುರಿನ ಲಾರಿಗೆ ನುಗ್ಗಿತ್ತು. "ಹಾಗೇ ಯಾಕೆ ಬಿಟ್ಟೆ?" ಎಂದು ಅವಳು ಆಸ್ಪತ್ರೆಯಲ್ಲಿ ಅವನ ಕಾಲರ್ ಹಿಡಿದು ಕೂಗಿದಾಗ ಅವನು ಅಂದದ್ದು ಒಂದೇ ಮಾತು: "ತಪ್ಪಾಯ್ತು."

ಈ ಕಾರಿನವರಿಗೂ ಮನೆಯಲ್ಲಿ ಕಾಯುವವರು ಇರುತ್ತಾರಲ್ಲ... ಅವಳು ಕಾರನ್ನು ರ‍್ಯಾಂಪ್ ಹತ್ತಿಸಿದಳು. ಹೊಸ ಸ್ಪ್ರಿಂಗ್ ಕೂರಲೆಂದು ಬಾನೆಟ್ಟನ್ನು ಎರಡು ಸಲ ಅದುಮಿದಳು. ಸ್ಟೀರಿಂಗ್ ನೇರಕ್ಕೆ ಬಿಗಿದು, ಬಗ್ಗಿ ಚಕ್ರ ತಿರುಗಿಸುವ ಟೈ ರಾಡಿನ ನಟ್ಟು ಸಡಿಲಿಸತೊಡಗಿದಳು.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಅವಳ ಅಪ್ಪ ಬಂದರು. ಅವನನ್ನು ಕಂಡವರೇ ಹಳೆ ಟೈರುಗಳ ಮೇಲೆ ಕುಸಿದು ಕೂತರು.

"ಇನ್ನೂ ಹೇಳಿಲ್ವೇನಪ್ಪಾ ಇವಳಿಗೆ?"

"ಬಿಡಿ ಮಾವ... ಈಗ ಯಾಕೆ?"

"ಏನು ಹೇಳೋದು?" ಅವಳು ಎದ್ದು ನಿಂತಳು.

"ಅವತ್ತು ನಿಮ್ಮಣ್ಣನಿಗೆ ಫೋನ್ ಮಾಡಿ ಬೈದೋನು ನಾನು, ಮಗಳೇ. ಅರ್ಧ ಗಂಟೇಲಿ ಕಾರು ಮನೆಗೆ ಬರ್ದೇ ಇದ್ರೆ ಈ ಹೊಸ್ತಿಲು ತುಳೀಬೇಡ ಅಂದೆ. ಇವನು ಫೋನ್ ಇಸ್ಕೊಂಡು, ಚಕ್ರ ಸರಿಯಾಗಿಲ್ಲ, ಕಾರು ಇಲ್ಲೇ ಇರ್ಲಿ ಮಾವ ಅಂತ ಬೇಡ್ಕೊಂಡ. ಇವನಿಗೂ ಬೈದು ಕೀ ಕೊಡಿಸ್ದೆ..."

"ಮೂರು ವರ್ಷ ಎದುರುಬದುರು ಕೂತು ಊಟ ಮಾಡಿದೀವಲ್ಲ ಅಪ್ಪಾ!"

"ಬಾಯೇ ಬರ್ಲಿಲ್ಲ ಕಣೇ..."

ಅಪ್ಪ ಮುಖ ಮುಚ್ಚಿಕೊಂಡು ಅತ್ತರು. ಅವಳು ಹತ್ತಿರ ಹೋಗಲಿಲ್ಲ. ಅವನ ಕಡೆ ತಿರುಗಿದಳು.

"ನೀನಾದ್ರೂ ಹೇಳ್ಬಾರದಿತ್ತಾ?"

"ಅವರಿಗೆ ಉಳಿದಿದ್ದು ನೀನೊಬ್ಬಳೇ. ನೀನೂ ಮಾತು ಬಿಟ್ರೆ ಆ ಜೀವ ಉಳೀತಿತ್ತಾ? ಮತ್ತೆ... ಕೀ ಕೊಟ್ಟ ಕೈ ನಂದೇ. ಅದೇನೂ ಸುಳ್ಳಲ್ಲ."

"ಹೌದು. ಸುಳ್ಳಲ್ಲ."

ಅವಳು ಮತ್ತೆ ಬಗ್ಗಿದಳು. ಎಡಚಕ್ರದ ರಾಡಿಗೆ ಅರ್ಧ ಸುತ್ತು, ಬಲಚಕ್ರದ್ದಕ್ಕೆ ಅರ್ಧ ಸುತ್ತು. ಕಣ್ಣೀರು ಕೈಯ ಗ್ರೀಸಿನ ಮೇಲೆ ಬೀಳುತ್ತಿತ್ತು. ಅಲೈನ್‌ಮೆಂಟ್ ಮಷೀನಿನ ಪರದೆಯ ಅಂಕಿಗಳು ಹಸಿರಾದ ಮೇಲೆ ನಟ್ಟು ಬಿಗಿದು ಮೇಲೆದ್ದಳು.

"ಮೂರು ವರ್ಷ ನಿನ್ನ ಶಪಿಸಿಕೊಂಡೇ ಬದುಕಿದೆ. ಶಪಿಸೋದಕ್ಕಾದ್ರೂ ದಿನಾ ನಿನ್ನನ್ನೇ ನೆನೆಸ್ತಿದ್ದೆ, ಗೊತ್ತಾ?"

"ನಿನ್ನನ್ನ ನೆನೆಸೋಕೆ ನಂಗೆ ನೆಪವೇ ಬೇಕಿರ್ಲಿಲ್ಲ..."

"ರೋಡ್ ಮೇಲೆ ಓಡಿಸಿ ನೋಡ್ಬೇಕು. ಅಣ್ಣ ಹೋದ್ಮೇಲೆ ನಾನು ರಸ್ತೇಲಿ ಕಾರು ಓಡಿಸಿಲ್ಲ. ನೀನು ಓಡಿಸು, ಪಕ್ಕದಲ್ಲಿ ಕೂರ್ತೀನಿ."

"ಭಯ ಆಗಲ್ವಾ?"

"ಆಗುತ್ತೆ... ಮೆಲ್ಲಗೆ ಹೋಗು."

"ಎಲ್ಲಿವರೆಗೆ?"

"ಅಣ್ಣ ಮಲಗಿರೋ ಕಡೆವರೆಗೆ. ನಾವಿಬ್ರೂ ಜೊತೇಲಿ ಹೋಗೇ ಇಲ್ಲ."

ಅವನು ಕೀ ತೆಗೆದುಕೊಂಡ. ಅವಳು ಟೈರುಗಳ ಮೇಲೆ ಕೂತ ಅಪ್ಪನನ್ನೊಮ್ಮೆ ನೋಡಿ, ಮೆಲ್ಲಗೆ ಅಂದಳು:

"ಹಿಂದಿನ ಬಾಗಿಲೂ ತೆಗಿ..."